ಅರ್ಧ ಪ್ರಶ್ನೆ ತಪ್ಪುವ ಪರೀಕ್ಷೆಗೆ ಮಗುವಿನ ತಯಾರಿ

ಅಮೆರಿಕದ ಶಾಲೆಗಳಲ್ಲಿ ಓದುವ ನಮ್ಮ ಮಕ್ಕಳು ಮ್ಯಾಪ್ ಗ್ರೋತ್ ಪರೀಕ್ಷೆ ಬರೆದು ಬಂದ ದಿನ ಮನೆಯಲ್ಲಿ ಕೇಳುವ ಮೊದಲ ಮಾತು, "ಎಷ್ಟು ಸರಿಯಾಯ್ತು?" ಈ ಪರೀಕ್ಷೆಯ ಮಟ್ಟಿಗೆ ಆ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಶಾಲಾ ಪರೀಕ್ಷೆಗಳನ್ನು ರೂಪಿಸುವ ಎನ್‌ಡಬ್ಲ್ಯೂಇಎ ಸಂಸ್ಥೆಯ, ಗಣಿತ, ಓದು ಮುಂತಾದ ವಿಷಯಗಳ ಈ ಪರೀಕ್ಷೆ ನಡೆಯುವುದು ಕಂಪ್ಯೂಟರ್‌ನಲ್ಲಿ. ಉತ್ತರ ಸರಿಯಾದರೆ ಮುಂದಿನ ಪ್ರಶ್ನೆ ಕಷ್ಟದ್ದು ಬರುತ್ತದೆ, ತಪ್ಪಾದರೆ ಸುಲಭದ್ದು. ಹೀಗೆ ಹತ್ತಿಳಿಯುತ್ತಾ ಮಗುವಿನ ಮಟ್ಟವನ್ನು ಹುಡುಕುವುದರಿಂದ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಅರ್ಧದಷ್ಟು ಪ್ರಶ್ನೆಗಳು ತಪ್ಪುತ್ತವೆ. ತರಗತಿಯ ಅತಿ ಜಾಣ ಮಗುವಿಗೂ ಅಷ್ಟೇ.

ಇದನ್ನು ಮಗುವಿಗೆ ಮೊದಲೇ ತಿಳಿಸುವುದಕ್ಕಿಂತ ದೊಡ್ಡ ತಯಾರಿಯನ್ನು ನಾನು ಕಂಡಿಲ್ಲ. ಯಾವಾಗಲೂ ಎಲ್ಲ ಸರಿ ಮಾಡಿ ಅಭ್ಯಾಸವಿರುವ ಎಂಟು ವರ್ಷದ ಮಗು, ಇನ್ನೂ ಕಲಿಸದ ಲೆಕ್ಕ ಎದುರಾದಾಗ ಕಂಗಾಲಾಗುತ್ತದೆ. ಕೆಲವರು ಅಳುತ್ತಾರೆ, ಇನ್ನು ಕೆಲವರು ಏನೋ ಒಂದು ಒತ್ತಿ ಮುಗಿಸಿಬಿಡುತ್ತಾರೆ. ಅಂಥ ಮಕ್ಕಳ ಅಂಕ ಇಳಿಯುವುದು ಓದು ಬಾರದೆ ಅಲ್ಲ, ಧೈರ್ಯ ಕುಸಿದು. ಹಿಂದಿನ ರಾತ್ರಿ ಹೀಗೆ ಹೇಳಿ: "ಪುಟ್ಟಾ, ಪ್ರಶ್ನೆ ಕಷ್ಟ ಆಗ್ತಾ ಹೋದ್ರೆ ನೀನು ಚೆನ್ನಾಗಿ ಮಾಡ್ತಿದ್ದೀಯ ಅಂತ. ಗೊತ್ತಿಲ್ಲದ್ದು ಬಂದ್ರೆ ಖಂಡಿತ ಅಲ್ಲ ಅನ್ನಿಸಿದ ಉತ್ತರ ಬಿಟ್ಟು, ಉಳಿದದ್ರಲ್ಲಿ ಒಂದನ್ನ ಆರಿಸ್ಕೋ."

ಇಲ್ಲಿ ಪ್ರಶ್ನೆ ಬಿಟ್ಟು ಮುಂದೆ ಹೋಗುವಂತಿಲ್ಲ, ಉತ್ತರಿಸಿದ್ದಕ್ಕೆ ಮರಳುವಂತೆಯೂ ಇಲ್ಲ. ಆದರೆ ಪ್ರಶ್ನೆಗಿಷ್ಟು ಎಂಬ ಸಮಯದ ಕಟ್ಟು ಕೂಡ ಇಲ್ಲ. ಓದದೇ ಒತ್ತುತ್ತಾ ಹೋದರೆ ಪರೀಕ್ಷೆ ನಿಂತು ಶಿಕ್ಷಕರಿಗೆ ಸೂಚನೆ ಬರುವ ವ್ಯವಸ್ಥೆಯಿದೆ. "ಬೇಗ ಬೇಗ ಮಾಡು" ಎಂದು ಬೆಳೆಸಿದ ಮಕ್ಕಳಿಗೆ ಇದು ನಿಜವಾದ ತೊಡಕು. ಲೆಕ್ಕವನ್ನು ಹಾಳೆಯ ಮೇಲೆ ಬಿಡಿಸುವ, ಪ್ರಶ್ನೆಯನ್ನು ಎರಡು ಸಲ ಓದುವ ರೂಢಿಯನ್ನು ಮನೆಯಲ್ಲೇ ಹಾಕಿ.

ರಾಶಿ ಪುಸ್ತಕ ತಂದು ಪ್ರಶ್ನೆ ಉರು ಹೊಡೆಸುವುದು ವ್ಯರ್ಥ. ಒಂದೇ ತರಗತಿಯ ಇಬ್ಬರಿಗೂ ಒಂದೇ ಪ್ರಶ್ನೆಗಳು ಬರುವುದಿಲ್ಲ. ಪರದೆಯ ಪರಿಚಯಕ್ಕೆ ಉಚಿತ ಅಭ್ಯಾಸ ಪರೀಕ್ಷೆಯನ್ನು ಒಮ್ಮೆ ಮಾಡಿಸಿದರೆ ಸಾಕು.

ಓದಿನ ವಿಷಯದಲ್ಲಿ ಮಾತ್ರ ಮನೆಯ ಕೆಲಸಕ್ಕೆ ತುಂಬಾ ಬೆಲೆಯಿದೆ. ದಿನಾ ಸ್ವಲ್ಪ ಹೊತ್ತು ಜೊತೆಗೆ ಕೂತು ಓದಿ, "ಅವಳು ಯಾಕೆ ಸುಳ್ಳು ಹೇಳಿದಳು? ಅದು ನಿನಗೆ ಯಾವ ಸಾಲಿನಿಂದ ಗೊತ್ತಾಯ್ತು?" ಎಂದು ಕೇಳಿ. ಕನ್ನಡದಲ್ಲೇ ಕೇಳಿ. ಪರೀಕ್ಷೆಯ ವಾರ ಮನೆಯಲ್ಲಿ ಕನ್ನಡ ನಿಲ್ಲಿಸುವ ತಂದೆತಾಯಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹೇಳದೇ ಬಿಟ್ಟದ್ದನ್ನು ಊಹಿಸುವ ಬುದ್ಧಿಯನ್ನು ಕನ್ನಡದಲ್ಲಿ ಬೆಳೆಸಿಕೊಂಡ ಮಗು ಅದನ್ನು ಇಂಗ್ಲಿಷ್ ಓದುವಾಗಲೂ ಬಳಸುತ್ತದೆ.

ಇನ್ನು ವರದಿ. ಅದರಲ್ಲಿ ಮಗುವಿನ ಮಟ್ಟ ತೋರಿಸುವ ರಿಟ್ ಅಂಕ ಎಲ್ಲ ತರಗತಿಗಳಿಗೂ ಒಂದೇ ಅಳತೆಗೋಲು. 2020ರ ಮಾನದಂಡದಲ್ಲಿ ಮೂರನೇ ತರಗತಿಯ ಗಣಿತದ ಸರಾಸರಿ ಫಾಲ್‌ನಲ್ಲಿ, ಅಂದರೆ ಶಾಲಾ ವರ್ಷದ ಆರಂಭದಲ್ಲಿ, ಸುಮಾರು 188, ವರ್ಷದ ಕೊನೆಯ ಸ್ಪ್ರಿಂಗ್‌ನಲ್ಲಿ 201 ಇತ್ತು. ಐದನೆಯದಕ್ಕೆ ಬರುವಷ್ಟರಲ್ಲಿ ವರ್ಷದ ಏರಿಕೆ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಆದ್ದರಿಂದ ಅಕ್ಕನ ಏರಿಕೆಯನ್ನು ತಮ್ಮನದರ ಜೊತೆ ತೂಗಬೇಡಿ. ಅಂಕದಲ್ಲಿ ಮೂರರಷ್ಟು ಹೆಚ್ಚುಕಡಿಮೆ ಸಹಜವಾದ್ದರಿಂದ, ನಡುವಿನ ವಿಂಟರ್ ಪರೀಕ್ಷೆಯಲ್ಲಿ ಎರಡು ಅಂಕ ಇಳಿದರೆ ಟ್ಯೂಷನ್ ಹುಡುಕಿಕೊಂಡು ಓಡಬೇಕಿಲ್ಲ. ಪರ್ಸೆಂಟೈಲ್ 60 ಎಂದರೆ ನೂರಕ್ಕೆ ಅರವತ್ತು ಅಂಕವೂ ಅಲ್ಲ; ದೇಶದ ಅದೇ ತರಗತಿಯ ನೂರು ಮಕ್ಕಳಲ್ಲಿ ಅರವತ್ತರಷ್ಟು ಮಂದಿಯ ಮಟ್ಟಕ್ಕೆ ನಿಮ್ಮ ಮಗು ಸಮ ಅಥವಾ ಮೇಲಿದೆ ಎಂದು. ಶಿಕ್ಷಕರನ್ನು ಭೇಟಿಯಾದಾಗ ಒಟ್ಟು ಅಂಕ ಬಿಟ್ಟು ಒಳಗಿನ ವಿಭಾಗಗಳನ್ನು ತೋರಿಸಲು ಕೇಳಿ: ಅಳತೆಯಲ್ಲಿ ಹಿಂದಿದೆಯೇ, ರೇಖಾಗಣಿತದಲ್ಲೇ, ಮುಂದಿನ ತಿಂಗಳು ತರಗತಿಯಲ್ಲಿ ಅದಕ್ಕೆ ಏನು ಮಾಡುತ್ತಾರೆ?