ಹಳೆಯ ಸಾಲ, ಹೊಸ ಬಡ್ಡಿ: ನಗರಸಭೆಯ ಸಾಲಪತ್ರದಲ್ಲಿ ಯಾರ ಹೆಸರಿದೆ?

ದಾವಣಗೆರೆಯ ಮಂಡಿಪೇಟೆಯಲ್ಲಿ ವ್ಯಾಪಾರ ಮಾಡುವವರಿಗೆ ಬಡ್ಡಿಯ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಬ್ಯಾಂಕಿನಲ್ಲಿ ನೂರಕ್ಕೆ ಹನ್ನೆರಡರಂತೆ ನಡೆಯುತ್ತಿರುವ ಸಾಲವನ್ನು ಇನ್ನೊಂದು ಬ್ಯಾಂಕು ಒಂಬತ್ತಕ್ಕೆ ವಹಿಸಿಕೊಳ್ಳುತ್ತದೆ ಎಂದು ಗೊತ್ತಾದರೆ ವಾರದೊಳಗೆ ಕಾಗದಪತ್ರ ಹಿಡಿದು ಹೊರಡುತ್ತಾರೆ. ಅದೇ ಊರಿನ ಮಹಾನಗರ ಪಾಲಿಕೆಯೋ ಪಕ್ಕದ ಚಿತ್ರದುರ್ಗದ ನಗರಸಭೆಯೋ ತನ್ನ ಹಳೆಯ ಸಾಲವನ್ನು ಹೀಗೆ ಅಗ್ಗದ ಬಡ್ಡಿಗೆ ಬದಲಾಯಿಸಿಕೊಳ್ಳಬೇಕೆಂದು ಹೊರಟರೆ ಅದು ವಾರದ ಮಾತಲ್ಲ, ವರ್ಷದ ಮಾತೂ ಆಗದಿರಬಹುದು. ಇದಕ್ಕೆ ಅಧಿಕಾರಿಗಳ ಆಲಸ್ಯವೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ನಮ್ಮ ನಗರಗಳ ಸಾಲ ಹುಟ್ಟಿದ ರೀತಿಯಲ್ಲೇ ಆ ತೊಡಕು ಇದೆ.

ಕರ್ನಾಟಕದ ನಗರಗಳು ಸಾಲಕ್ಕೆ ಕೈಹಾಕಿದ್ದು ಬಹುಪಾಲು ನೀರಿಗಾಗಿ. ರಸ್ತೆ, ದೀಪ, ಚರಂಡಿಗಳನ್ನು ವರ್ಷವರ್ಷದ ತೆರಿಗೆ ಮತ್ತು ಅನುದಾನದಲ್ಲಿ ಹೇಗೋ ತೂಗಿಸಬಹುದು; ದೂರದ ನದಿಯಿಂದ ಕೊಳವೆ ಎಳೆದು ಊರಿಗೆ ನೀರು ತರುವುದು ಹಾಗೆ ಆಗುವ ಕೆಲಸವಲ್ಲ. ದಾವಣಗೆರೆಗೆ ನೀರು ಬರುವುದು ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ಎತ್ತುವ ತುಂಗಭದ್ರೆಯಿಂದ ಮತ್ತು ಭದ್ರಾ ನಾಲೆಯಿಂದ ತುಂಬಿಕೊಳ್ಳುವ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಿಂದ. ಚಿತ್ರದುರ್ಗದ ಕೋಟೆಯ ಹೊಂಡಗಳು ಒಂದು ಕಾಲಕ್ಕೆ ಊರನ್ನೇ ಸಾಕಿದ್ದವು. ಇಂದಿನ ಚಿತ್ರದುರ್ಗವಾದರೋ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರವನ್ನೂ ಹಿರಿಯೂರಿನ ವಾಣಿವಿಲಾಸ ಸಾಗರವನ್ನೂ ನೆಚ್ಚಿಕೊಂಡಿದೆ. ಇಷ್ಟು ದೂರದ ನೀರಿಗೆ ಮೊದಲೇ ದೊಡ್ಡ ಗಂಟು ಬೇಕು, ಅದನ್ನು ಇಪ್ಪತ್ತು ವರ್ಷ ತೀರಿಸುತ್ತಾ ಹೋಗಬೇಕು.

ಆ ಗಂಟನ್ನು ನಗರಸಭೆಗಳು ತಾವಾಗಿ ತರಲಿಲ್ಲ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಭಾರತೀಯ ಜೀವ ವಿಮಾ ನಿಗಮ ಹಾಗೂ ವಸತಿ, ನಗರಾಭಿವೃದ್ಧಿಗೆ ಸಾಲ ಕೊಡುವ ಕೇಂದ್ರದ ಹುಡ್ಕೋದಂಥ ಸಂಸ್ಥೆಗಳಿಂದ ಸಾಲ ತಂದು, ಯೋಜನೆಯನ್ನು ತಾನೇ ಕಟ್ಟಿ, ಕಂತಿನ ಹೊರೆಯನ್ನು ಆಯಾ ಪಟ್ಟಣದ ಲೆಕ್ಕಕ್ಕೆ ಹಾಕುತ್ತಿತ್ತು. ಸರ್ಕಾರ ಅದಕ್ಕೆ ಖಾತರಿ ನಿಲ್ಲುತ್ತಿತ್ತು. 1993ರಲ್ಲಿ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ ಬಂದ ಮೇಲೆ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ದೊಡ್ಡ ಸಾಲಗಳು ಅದರ ಮೂಲಕ ಹರಿಯತೊಡಗಿದವು. 2014ರಲ್ಲಿ ಆ ಬ್ಯಾಂಕು ಒಪ್ಪಿದ ಸಮಗ್ರ ನಗರ ನೀರು ನಿರ್ವಹಣೆ ಕಾರ್ಯಕ್ರಮದ ಮೊದಲ ಹಂತಕ್ಕೆ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಸೇರಿದವು. ದಾವಣಗೆರೆಯ ಜನ ಜಲಸಿರಿ ಎಂಬ ಹೆಸರಿನಲ್ಲಿ, ಅಗೆದ ರಸ್ತೆಗಳ ಮೂಲಕವೂ ಮನೆಮುಂದಿನ ಮೀಟರಿನ ಮೂಲಕವೂ ಬಲ್ಲ ಯೋಜನೆ ಇದೇ.

ಸಾಲದ ಈ ಸರಪಳಿಯಲ್ಲಿ ಬ್ಯಾಂಕಿನ ಎದುರು ಸಹಿ ಹಾಕುವವರು ಕೇಂದ್ರ ಸರ್ಕಾರದವರು ಅಥವಾ ಮಂಡಳಿಯವರು. ಪಟ್ಟಣದ ಪಾಲು ರಾಜ್ಯದ ಆದೇಶದಲ್ಲಿ ನಿಗದಿಯಾಗುತ್ತದೆ. ಕಂತನ್ನು ವಸೂಲು ಮಾಡುವ ಬಗೆಯೂ ವಿಶಿಷ್ಟವಾದುದು: ರಾಜ್ಯ ಹಣಕಾಸು ಆಯೋಗದ ಶಿಫಾರಸಿನಂತೆ ಪಟ್ಟಣಕ್ಕೆ ಬರಬೇಕಾದ ಎಸ್‌ಎಫ್‌ಸಿ ಅನುದಾನದಲ್ಲೇ ಸಾಲದ ಬಾಬ್ತನ್ನು ಮೂಲದಲ್ಲಿ ಮುರಿದುಕೊಂಡು ಉಳಿದುದನ್ನು ಬಿಡುಗಡೆ ಮಾಡಲಾಗುತ್ತದೆ. ಸಾಲ ಕೊಟ್ಟವರಿಗೆ ಇದಕ್ಕಿಂತ ಭದ್ರವಾದ ವ್ಯವಸ್ಥೆ ಇಲ್ಲ. ನಗರದ ಸದಸ್ಯರ ಮಟ್ಟಿಗೆ ಮಾತ್ರ ಇದು ಸಾಲವನ್ನು ಕಣ್ಣಿಗೆ ಕಾಣದಂತೆ ಮಾಡಿಬಿಟ್ಟಿತು. ಕೈಗೆ ಬಾರದ ಹಣವನ್ನು ಯಾರೂ ಎಣಿಸುವುದಿಲ್ಲ. ಬಡ್ಡಿ ಎಷ್ಟು, ಅಸಲು ಎಷ್ಟು ಉಳಿದಿದೆ, ಇನ್ನೆಷ್ಟು ವರ್ಷ ಎಂಬ ಮೂರು ಪ್ರಶ್ನೆಗಳಿಗೆ ಆಯವ್ಯಯದ ಸಭೆಯಲ್ಲಿ ಉತ್ತರ ಕೇಳುವ ರೂಢಿಯೇ ಬೆಳೆಯಲಿಲ್ಲ ಎನ್ನುವುದು ನನಗೆ ಬಡ್ಡಿದರಕ್ಕಿಂತ ದೊಡ್ಡ ನಷ್ಟವಾಗಿ ಕಾಣುತ್ತದೆ.

ಇತ್ತ ದೇಶದಲ್ಲಿ ಬಡ್ಡಿದರ ಏರಿಳಿಯುತ್ತಲೇ ಬಂದಿದೆ. 1990ರ ದಶಕದ ನಡುವೆ ಸರ್ಕಾರಗಳು ಕೂಡ ಶೇ 12, 13ರಂತೆ ಸಾಲ ಎತ್ತುತ್ತಿದ್ದವು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ರಾಜ್ಯ ಸರ್ಕಾರದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್, ಎಂದರೆ ಹೂಡಿಕೆದಾರರಿಂದ ನೇರವಾಗಿ ಸಾಲ ಎತ್ತುವ ಪತ್ರ, ಹೊರಡಿಸಿತು. ಮರುವರ್ಷ ಅಹಮದಾಬಾದು ಅಂಥ ಖಾತರಿಯಿಲ್ಲದೆಯೇ 100 ಕೋಟಿ ಎತ್ತಿತು. ಕೆಲವೇ ವರ್ಷಗಳಲ್ಲಿ ದರ ಅರ್ಧಕ್ಕೆ ಕುಸಿಯಿತು. ದುಬಾರಿ ಸಾಲ ಹೊತ್ತ ರಾಜ್ಯಗಳು ಎಚ್ಚೆತ್ತುಕೊಂಡವು: 2002-03ರಿಂದ 2004-05ರವರೆಗೆ ನಡೆದ ಸಾಲ ವಿನಿಮಯ ಯೋಜನೆಯಲ್ಲಿ ಶೇ 13 ಮತ್ತು ಅದಕ್ಕೂ ಮಿಗಿಲಾದ ಬಡ್ಡಿಯ ಕೇಂದ್ರದ ಸಾಲಗಳನ್ನು ಅವು ತೀರಿಸಿ ಅಗ್ಗದ ಸಾಲಕ್ಕೆ ಬದಲಾಯಿಸಿಕೊಂಡವು. ಅದು ಒಟ್ಟು ಒಂದು ಲಕ್ಷ ಕೋಟಿ ರೂಪಾಯಿ ಮೀರಿದ ವ್ಯವಹಾರ. ಬಳಿಕ ಹನ್ನೆರಡನೇ ಹಣಕಾಸು ಆಯೋಗದ ಮಾತಿನಂತೆ ಉಳಿದ ಕೇಂದ್ರ ಸಾಲಗಳನ್ನು ಒಗ್ಗೂಡಿಸಿ ಶೇ 7.5ರ ಬಡ್ಡಿಗೆ ಇಪ್ಪತ್ತು ವರ್ಷಗಳ ಕಂತು ಮಾಡಿಕೊಡಲಾಯಿತು. ರಾಜ್ಯಗಳಿಗೆ ಸಿಕ್ಕ ಈ ಬಿಡುಗಡೆ ಪಟ್ಟಣಗಳಿಗೂ ಇಳಿದು ಬರಲಿ ಎಂದು ಆಗ ಅದೇ ಬಲದಿಂದ ಕೇಳುವ ದನಿ ಇರಲಿಲ್ಲ.

ಪಟ್ಟಣಗಳ ಸಾಲವನ್ನೇ ಮರುಹೊಂದಿಸಿದ ನಿದರ್ಶನಕ್ಕೆ ತಮಿಳುನಾಡಿನತ್ತ ನೋಡಬೇಕು. ಮಧುರೈ ಪಾಲಿಕೆ ಒಳವರ್ತುಲ ರಸ್ತೆಗಾಗಿ ರಾಜ್ಯದ ನಗರಾಭಿವೃದ್ಧಿ ನಿಧಿಯಿಂದ ತಂದಿದ್ದ ದುಬಾರಿ ಸಾಲವನ್ನು 2001ರಲ್ಲಿ 30 ಕೋಟಿ ರೂಪಾಯಿಯ ಬಾಂಡ್ ಹೊರಡಿಸಿ ಶೇ 12.25ಕ್ಕೆ ಇಳಿಸಿಕೊಂಡಿತು. ಆ ರಸ್ತೆಯ ಸುಂಕದ ವರಮಾನ ಅದಕ್ಕೆ ಆಧಾರವಾಗಿತ್ತು. ಅದರ ಬೆನ್ನಿಗೇ ಹತ್ತಕ್ಕೂ ಹೆಚ್ಚು ಸಣ್ಣ ಪಟ್ಟಣಗಳ ನೀರು, ಒಳಚರಂಡಿ ಸಾಲಗಳನ್ನು ಒಂದೇ ನಿಧಿಯಲ್ಲಿ ಕೂಡಿಸಿ, 30.41 ಕೋಟಿ ರೂಪಾಯಿಯನ್ನು ಹದಿನೈದು ವರ್ಷಗಳ ಅವಧಿಗೆ ಶೇ 9.2ರಂತೆ ಎತ್ತಲಾಯಿತು. ಒಂಟಿಯಾಗಿ ಯಾವ ಹೂಡಿಕೆದಾರನ ಬಾಗಿಲನ್ನೂ ತಟ್ಟಲಾರದ ಊರುಗಳು ಒಟ್ಟಾಗಿ ತಟ್ಟಿದ್ದರಿಂದ ಬಾಗಿಲು ತೆರೆಯಿತು. ಹಣ ಕೊಟ್ಟವರ ಅಸಲಿನ ಅರ್ಧಕ್ಕೆ ಅಮೆರಿಕದ ನೆರವು ಸಂಸ್ಥೆಯ ಖಾತರಿಯೂ ಇತ್ತು. ಕರ್ನಾಟಕವೂ 2005ರಲ್ಲಿ ಈ ಮಾದರಿಯಲ್ಲಿ 100 ಕೋಟಿ ರೂಪಾಯಿಯನ್ನು, ತೆರಿಗೆ ವಿನಾಯಿತಿಯ ಬಲದಿಂದ, ಶೇ 6ಕ್ಕಿಂತ ಕೊಂಚ ಕಡಿಮೆ ಬಡ್ಡಿಗೆ ತಂದಿತು. ಆದರೆ ಅದು ಬೆಂಗಳೂರಿನ ಅಂಚಿನ ಎಂಟು ನಗರಾಡಳಿತಗಳ ಹೊಸ ನೀರಿನ ಯೋಜನೆಗೆ ಸಂದ ಹಣ. ಮಧ್ಯ ಕರ್ನಾಟಕದ ಹಳೆಯ ಸಾಲ ಇದ್ದಲ್ಲೇ ಉಳಿಯಿತು.

ಸಾಲ ಬದಲಾಯಿಸುವುದರಿಂದ ನಿಜಕ್ಕೂ ಎಷ್ಟು ಉಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ಇಲ್ಲಿ ಬರಿಯ ಮಾತು ಬಹಳ ಮೋಸಗೊಳಿಸುತ್ತದೆ. ಉದಾಹರಣೆಗೆಂದು, ಒಂದು ಪಟ್ಟಣ 10 ಕೋಟಿ ರೂಪಾಯಿಯನ್ನು ಶೇ 12ರ ಬಡ್ಡಿಗೆ, ಇಪ್ಪತ್ತು ಸಮಾನ ವಾರ್ಷಿಕ ಕಂತುಗಳಲ್ಲಿ ತೀರಿಸುವಂತೆ ತಂದಿದೆ ಎಂದುಕೊಳ್ಳೋಣ. ವರ್ಷದ ಕಂತು ಸುಮಾರು 1 ಕೋಟಿ 34 ಲಕ್ಷ ರೂಪಾಯಿ ಆಗುತ್ತದೆ. ಎಂಟು ವರ್ಷ ತಪ್ಪದೆ ಕಟ್ಟಿದ ಮೇಲೂ, ಅಂದರೆ 10 ಕೋಟಿ 71 ಲಕ್ಷ ಕೈಬಿಟ್ಟ ಮೇಲೂ, ಅಸಲಿನಲ್ಲಿ ಕರಗಿರುವುದು 1 ಕೋಟಿ 71 ಲಕ್ಷ ಮಾತ್ರ. ಉಳಿದ ಬಾಕಿ 8 ಕೋಟಿ 29 ಲಕ್ಷ. ಈ ಬಾಕಿಯನ್ನು ಆಗ ಶೇ 9ರ ಸಾಲಕ್ಕೆ ವರ್ಗಾಯಿಸಿ ಅದೇ ಉಳಿದ ಹನ್ನೆರಡು ವರ್ಷಗಳಲ್ಲಿ ತೀರಿಸಿದರೆ ಕಂತು 1 ಕೋಟಿ 16 ಲಕ್ಷಕ್ಕೆ ಇಳಿಯುತ್ತದೆ. ವರ್ಷಕ್ಕೆ 18 ಲಕ್ಷ, ಒಟ್ಟಾರೆ 2 ಕೋಟಿ 17 ಲಕ್ಷ ಉಳಿತಾಯ. ಹಳೆಯ ಸಾಲ ಕೊಟ್ಟವರು ಅವಧಿಪೂರ್ವ ಮರುಪಾವತಿಗೆ ನೂರಕ್ಕೆ ಎರಡರಂತೆ ಶುಲ್ಕ ಹಾಕಿದರೆ ಸುಮಾರು 16.6 ಲಕ್ಷ, ಎಂದರೆ ಮೊದಲ ವರ್ಷದ ಲಾಭದ ಬಹುಪಾಲು ಅಲ್ಲಿಗೇ ಹೋಗುತ್ತದೆ. ಇದೇ ಬದಲಾವಣೆಯನ್ನು ನಾಲ್ಕೇ ವರ್ಷ ಬಾಕಿಯಿರುವಾಗ ಮಾಡಿದರೆ ವಾರ್ಷಿಕ ಉಳಿತಾಯ 8 ಲಕ್ಷದ ಆಸುಪಾಸಿನದು.

ಅಪಾಯ ಇರುವುದು ಇನ್ನೊಂದು ಕಡೆ. ಅದೇ 8 ಕೋಟಿ 29 ಲಕ್ಷವನ್ನು ಶೇ 9ಕ್ಕೇ ತಂದು, ಅವಧಿಯನ್ನು ಮಾತ್ರ ಮತ್ತೆ ಇಪ್ಪತ್ತು ವರ್ಷಕ್ಕೆ ಎಳೆದರೆ ಕಂತು 91 ಲಕ್ಷಕ್ಕೆ ಇಳಿದು, ವರ್ಷಕ್ಕೆ 43 ಲಕ್ಷ ಉಳಿದಂತೆ ತೋರುತ್ತದೆ. ಒಟ್ಟು ಕಟ್ಟುವ ಹಣ ಮಾತ್ರ 16 ಕೋಟಿ 7 ಲಕ್ಷದಿಂದ 18 ಕೋಟಿ 17 ಲಕ್ಷಕ್ಕೆ ಏರಿರುತ್ತದೆ. ಬಡ್ಡಿ ಇಳಿದೂ ಹೊರೆ 2 ಕೋಟಿ 10 ಲಕ್ಷ ಹೆಚ್ಚು! ಸಾಲ ಬದಲಾವಣೆಯ ಪ್ರಸ್ತಾವ ಯಾವ ಸಭೆಗೆ ಬಂದರೂ ಸದಸ್ಯರು ಬಡ್ಡಿಯ ಪಕ್ಕದಲ್ಲಿ ವರ್ಷಗಳ ಸಂಖ್ಯೆಯನ್ನು ಓದಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಕಂತು ಇಳಿದ ಸಂತೋಷ ಈಗಿನ ಸಭೆಗೆ ಸಲ್ಲುತ್ತದೆ, ಹೆಚ್ಚುವರಿ ಎಂಟು ವರ್ಷಗಳ ಕಂತನ್ನು ಕಟ್ಟುವವರು ಆ ಸಭೆಯಲ್ಲಿ ಕುಳಿತಿರುವುದಿಲ್ಲ.

ಮನೆಸಾಲ ಮಾಡಿದ ವ್ಯಕ್ತಿಗೆ ಈ ವಿಷಯದಲ್ಲಿ ಕೆಲವು ರಕ್ಷಣೆಗಳಿವೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಹೇಳಿತು. 2019ರ ಅಕ್ಟೋಬರ್‌ನಿಂದ ಹೊಸ ಗೃಹಸಾಲಗಳ ಬದಲಾಗುವ ಬಡ್ಡಿಯನ್ನು ರೆಪೊದಂಥ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಅಲ್ಪಾವಧಿಗೆ ಸಾಲ ಕೊಡುವ ದರ) ಹೊರಗಿನ ಮಾನದಂಡಕ್ಕೆ ಕಟ್ಟುವುದು ಕಡ್ಡಾಯವಾಯಿತು. 2023ರ ಫೆಬ್ರವರಿಯಲ್ಲಿ ಶೇ 6.5ಕ್ಕೆ ಏರಿ ನಿಂತಿದ್ದ ರೆಪೊ ದರ 2025ರ ಫೆಬ್ರವರಿಯಿಂದ ಇಳಿಯುತ್ತ ಆ ವರ್ಷದ ಡಿಸೆಂಬರಿಗೆ 5.25ಕ್ಕೆ ಬಂದಾಗ, ಅದರ ಫಲ ಅಂಥ ಸಾಲಗಾರರಿಗೆ ತಾನಾಗಿ ತಲುಪಿತು. ನಗರಸಭೆಯ ಸಾಲಕ್ಕೆ ಈ ಎರಡು ನಿಯಮಗಳೂ ಅನ್ವಯಿಸುವುದಿಲ್ಲ. ಅದಕ್ಕೆ ಕರಾರುಪತ್ರವೇ ಶಾಸನ. ಸಾಲ ಎತ್ತಲು ರಾಜ್ಯ ಸರ್ಕಾರದ ಅನುಮತಿ ಬೇಕೆಂದು 1964ರ ಪುರಸಭೆಗಳ ಕಾಯ್ದೆಯೂ 1976ರ ಮಹಾನಗರ ಪಾಲಿಕೆಗಳ ಕಾಯ್ದೆಯೂ ಹೇಳುತ್ತವೆ. ಒಂದನ್ನು ತೀರಿಸಲು ತರುವ ಇನ್ನೊಂದು ಸಾಲವೂ ಸಾಲವೇ ಆದುದರಿಂದ ಕಡತ ಬೆಂಗಳೂರಿಗೆ ಹೋಗಿ ಬರಬೇಕು. ಡಾಲರಿನಲ್ಲಿ ಹುಟ್ಟಿದ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲವನ್ನಂತೂ ಪಾಲಿಕೆ ಮುಟ್ಟುವಂತೆಯೇ ಇಲ್ಲ, ಅದರ ಷರತ್ತುಗಳು ದೆಹಲಿಯಲ್ಲಿ ಬರೆದವು.

ಹೊಸ ದಾರಿಗಳು ತೆರೆದಿಲ್ಲವೆಂದಲ್ಲ. 2015ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಪುರಸಭಾ ಬಾಂಡುಗಳಿಗೆ ನಿಯಮ ರೂಪಿಸಿತು, 2017ರಲ್ಲಿ ಪುಣೆ ಪಾಲಿಕೆ ಶೇ 7.59ಕ್ಕೆ 200 ಕೋಟಿ ಎತ್ತಿತು. 2023-24ರ ಕೇಂದ್ರ ಬಜೆಟ್ ಘೋಷಿಸಿದ ನಗರ ಮೂಲಸೌಕರ್ಯ ಅಭಿವೃದ್ಧಿ ನಿಧಿ ಒಂದು ಲಕ್ಷದಿಂದ ಹತ್ತು ಲಕ್ಷದೊಳಗಿನ ನಗರಗಳಿಗೂ ಅವುಗಳಿಗಿಂತ ಸಣ್ಣವಕ್ಕೂ ಮೀಸಲು. ರಿಸರ್ವ್ ಬ್ಯಾಂಕ್ ನಿಗದಿ ಮಾಡುವ ‘ಬ್ಯಾಂಕ್ ದರ’ಕ್ಕಿಂತ ಶೇ 1.5ರಷ್ಟು ಕಡಿಮೆ ಬಡ್ಡಿಯ ಈ ನಿಧಿಗೆ ದಾವಣಗೆರೆ, ಚಿತ್ರದುರ್ಗ ಎರಡೂ ಜನಸಂಖ್ಯೆಯ ಲೆಕ್ಕದಲ್ಲಿ ಹೊಂದುತ್ತವೆ. ಆದರೆ ಅದು ಹೊಸ ಕಾಮಗಾರಿಗೆಂದು ರಾಜ್ಯಕ್ಕೆ ಸಿಗುವ ಹಣ, ಹಳೆಯ ಬಾಕಿಯನ್ನು ತೀರಿಸಲು ಅಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತರ ಪಟ್ಟಿಯಲ್ಲೇ ಸೇರಿದ ದಾವಣಗೆರೆಗೆ ಬಂದದ್ದು ಅನುದಾನ. ಆ ವರ್ಷಗಳಲ್ಲಿ ಸಾಲದ ಮಾತು ಇನ್ನಷ್ಟು ಹಿಂದೆ ಸರಿಯಿತು.

ಒಂದು ಸಿದ್ಧತೆ ಮಾತ್ರ ನಮ್ಮ ಕೈಯಲ್ಲೇ ಇದೆ. ರಾಜ್ಯದ 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಜಮಾ-ಖರ್ಚಿನ ಹಳೆಯ ಪದ್ಧತಿಯನ್ನು ಬಿಟ್ಟು ಆಸ್ತಿ ಮತ್ತು ಹೊಣೆಗಾರಿಕೆ ಎರಡನ್ನೂ ತೋರಿಸುವ ದ್ವಿನಮೂದು ಪದ್ಧತಿಯನ್ನು ತಂದವು. ಹಾಗಾಗಿ ಪ್ರತಿ ಸಾಲದ ಮೂಲ, ದರ, ಬಾಕಿ, ಕೊನೆಯ ಕಂತಿನ ವರ್ಷ, ಅವಧಿಪೂರ್ವ ತೀರುವಳಿಯ ಷರತ್ತು, ಎಸ್‌ಎಫ್‌ಸಿ ಅನುದಾನದಲ್ಲಿ ಈ ವರ್ಷ ಮುರಿದ ಮೊತ್ತ ಇವಿಷ್ಟನ್ನು ಒಂದು ಪುಟದಲ್ಲಿ ಬರೆದು ಆಯವ್ಯಯದ ಜೊತೆ ಸದಸ್ಯರ ಮುಂದಿಡುವಂತೆ ಕೇಳಲು ಹೊಸ ಕಾಯ್ದೆ ಬೇಕಿಲ್ಲ. ಒಂದೇ ಯೋಜನೆಯಡಿ ಸೇರಿರುವ ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿಗಳು ಆ ಪುಟಗಳನ್ನು ಒಟ್ಟಿಗೆ ಹಿಡಿದು ರಾಜ್ಯದ ನಗರ ಮೂಲಸೌಕರ್ಯ ನಿಗಮದ ಬಳಿ ಹೋದರೆ, ತಮಿಳುನಾಡಿನ ಪಟ್ಟಣಗಳು ಇಪ್ಪತ್ತು ವರ್ಷಗಳ ಹಿಂದೆ ಮಾಡಿದಂತೆ, ಯಾವ ಸಾಲವನ್ನು ಬದಲಾಯಿಸಬಹುದು, ಯಾವುದನ್ನು ಹಾಗೆಯೇ ತೀರಲು ಬಿಡಬೇಕು ಎಂಬ ಚರ್ಚೆ ಅಂಕಿಗಳ ಮೇಲೆ ಶುರುವಾಗುತ್ತದೆ.