ಸರ್ವರ್‌ನಲ್ಲಿ ಮಾಡಿದರೆ ಡೇಟಾಬೇಸ್‌ನಲ್ಲಿ ಮಾಡಿದಂತಲ್ಲ

"ಸರ್, ಪೋಸ್ಟ್‌ಜಿಐಎಸ್ ಅಪ್‌ಡೇಟ್ ಮಾಡಿದ್ದೇವೆ, ಆದರೂ ಹಳೆಯ ತೊಂದರೆ ಹಾಗೇ ಇದೆ." ಪೋಸ್ಟ್‌ಜಿಐಎಸ್ ಎಂದರೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ನಕ್ಷೆಯ ಮಾಹಿತಿ ನಿಭಾಯಿಸಲು ಕಲಿಸುವ ವಿಸ್ತರಣೆ. ಮೈಸೂರು, ಮಂಡ್ಯದ ಕಚೇರಿಗಳಿಂದ ಈ ದೂರು ಕೇಳಿದಾಗಲೆಲ್ಲ ನನ್ನದು ಒಂದೇ ಪ್ರಶ್ನೆ: ಯಾವ ಡೇಟಾಬೇಸ್‌ನಲ್ಲಿ ಮಾಡಿದಿರಿ? "ಸರ್ವರ್‌ನಲ್ಲಿ ಮಾಡಿದೆವು" ಎನ್ನುತ್ತಾರೆ. ತಪ್ಪಿರುವುದು ಅಲ್ಲೇ.

ಪೋಸ್ಟ್‌ಜಿಐಎಸ್‌ನ ಒಂದು ಭಾಗ ಸರ್ವರ್‌ನ ಡಿಸ್ಕ್‌ನಲ್ಲಿರುವ ಲೈಬ್ರರಿ, ಅಂದರೆ ಕೆಲಸ ಮಾಡುವ ಕೋಡ್‌ನ ಫೈಲು. ಪ್ಯಾಕೇಜ್ ಹಾಕಿದಾಗ ಬದಲಾಗುವುದು ಇದು. ಇನ್ನೊಂದು ಭಾಗ ಪ್ರತಿ ಡೇಟಾಬೇಸ್‌ನ ಒಳಗೇ ಬರೆದಿಟ್ಟ ಫಂಕ್ಷನ್‌ಗಳ ವ್ಯಾಖ್ಯೆ. ಪ್ಯಾಕೇಜ್ ಅದನ್ನು ಮುಟ್ಟುವುದೇ ಇಲ್ಲ. ಕಟ್ಟೆಯಿಂದ ನಾಲೆಗೆ ನೀರು ಬಿಟ್ಟರೂ ತೂಬು ಎತ್ತದ ಗದ್ದೆ ಒಣಗಿಯೇ ಇರುತ್ತದೆ. ಆವೃತ್ತಿ 3.4.1ರಿಂದ 3.4.2ಕ್ಕೆ ಹೋಗುವಂಥ ಸಣ್ಣ ಬದಲಾವಣೆಯಲ್ಲೂ ಹೀಗೆಯೇ. ಲೈಬ್ರರಿಯಲ್ಲಿ ಸರಿಪಡಿಸಿದ ದೋಷಗಳು ಹೊಸ ಸಂಪರ್ಕದೊಂದಿಗೆ ತಾವಾಗಿ ಬರುತ್ತವೆ, ವ್ಯಾಖ್ಯೆಯಲ್ಲಿ ಸರಿಪಡಿಸಿದವು ಬರುವುದಿಲ್ಲ. ಅರ್ಧ ಸರಿಯಾದಂತೆ ಕಾಣುವುದರಿಂದಲೇ ಜನ ಮೋಸ ಹೋಗುತ್ತಾರೆ.

ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ನಕ್ಷೆಗಳನ್ನು ತಾಲ್ಲೂಕಿಗೊಂದು ಡೇಟಾಬೇಸ್‌ನಲ್ಲಿ ಇಟ್ಟುಕೊಂಡ ಒಂದು ತಂಡವಿತ್ತು. ಬಹಳ ಶ್ರದ್ಧೆಯ ಹುಡುಗಿಯೊಬ್ಬಳು ಮಂಡ್ಯ ತಾಲ್ಲೂಕಿನದನ್ನು ಸರಿಯಾಗಿ ಮುಗಿಸಿದ್ದಳು. ಮದ್ದೂರು, ಮಳವಳ್ಳಿಯವು ಹಾಗೇ ಉಳಿದಿದ್ದವು. ನಾನು ಅವುಗಳಲ್ಲಿ, ಆವೃತ್ತಿ ತಿಳಿಸುವ ಪೋಸ್ಟ್‌ಜಿಐಎಸ್_ಫುಲ್_ವರ್ಷನ್ ಫಂಕ್ಷನ್ ಓಡಿಸಿ ತೋರಿಸಿದೆ. ಉದ್ದನೆಯ ಸಾಲಿನ ತುದಿಯಲ್ಲಿ, ಆವರಣದೊಳಗೆ, 'ನೀಡ್ ಅಪ್‌ಗ್ರೇಡ್' ಎಂಬ ಎರಡು ಪದ. ಪೋಸ್ಟ್‌ಜಿಐಎಸ್ ಬಳಸುವ ಜಿಯೋಸ್, ಪ್ರೋಜ್ ಲೈಬ್ರರಿಗಳ ಆವೃತ್ತಿ ಸಂಖ್ಯೆಗಳ ಗುಂಪಿನಲ್ಲಿ ಅದನ್ನು ಯಾರೂ ಅಷ್ಟು ದೂರ ಓದುವುದಿಲ್ಲ. ಅವಳು ಅಂದೇ ಎಲ್ಲ ಡೇಟಾಬೇಸ್‌ಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದಳು. ನನಗೆ ತುಂಬಾ ಸಂತೋಷವಾಯಿತು.

ಮಾಡಬೇಕಾದದ್ದು ಇಷ್ಟೇ: ಪ್ರತಿ ಡೇಟಾಬೇಸ್‌ಗೂ ಹೋಗಿ ಪೋಸ್ಟ್‌ಜಿಐಎಸ್_ಎಕ್ಸ್‌ಟೆನ್ಶನ್ಸ್_ಅಪ್‌ಗ್ರೇಡ್ ಫಂಕ್ಷನ್ ಓಡಿಸುವುದು. ಹೊಸ ಡೇಟಾಬೇಸ್‌ಗಳಿಗೆ ಅಚ್ಚಾಗಿ (ಟೆಂಪ್ಲೇಟ್ ಆಗಿ) ಬಳಸುವ ಡೇಟಾಬೇಸ್ ಇದ್ದರೆ ಅದರಲ್ಲೂ ಓಡಿಸಬೇಕು, ಇಲ್ಲವಾದರೆ ನಾಳೆ ಸೃಷ್ಟಿಯಾಗುವುದೂ ಹಳೆಯದಾಗಿಯೇ ಹುಟ್ಟುತ್ತದೆ. ಇಂಥ ಸಣ್ಣ ಪ್ಯಾಚ್‌ಗೆ ಸಾಮಾನ್ಯವಾಗಿ ಇಡೀ ಡೇಟಾಬೇಸ್‌ನ ಡಂಪ್ (ಫೈಲಿಗೆ ಇಳಿಸಿದ ಪ್ರತಿ) ತೆಗೆದು ಮತ್ತೆ ತುಂಬುವ ಅಗತ್ಯ ಬೀಳುವುದಿಲ್ಲ. ಆದರೂ ಬ್ಯಾಕಪ್ ಇಲ್ಲದೆ ಕೈಹಾಕಬೇಡಿ. ಬಿಡುಗಡೆ ಟಿಪ್ಪಣಿಯಲ್ಲಿ ಇಂಡೆಕ್ಸ್ ಮರುಕಟ್ಟಲು ಹೇಳಿದ್ದರೆ ಆ ಕೆಲಸವನ್ನೂ ಮಾಡಿ. ಮೊದಲು ಒಂದು ನಕಲಿನ ಮೇಲೆ ಪರೀಕ್ಷಿಸುವುದು ಲೇಸು.

ಇನ್ನೊಂದು ಮಾತು. ಮ್ಯಾಪ್ ಸರ್ವರ್‌ಗಳು ದಿನಗಟ್ಟಲೆ ತೆರೆದಿಟ್ಟುಕೊಳ್ಳುವ ಸಂಪರ್ಕಗಳು ಹಳೆಯ ಲೈಬ್ರರಿಯನ್ನೇ ಹಿಡಿದುಕೊಂಡಿರುತ್ತವೆ. ಆದ್ದರಿಂದ ಅಪ್‌ಗ್ರೇಡ್ ಮುಗಿದ ಮೇಲೆ ಅವುಗಳನ್ನು ಕಡಿದು ಹೊಸದಾಗಿ ಜೋಡಿಸಿ, ಆಮೇಲೆ ನನಗೆ ಫೋನ್ ಮಾಡಿ.