ಮೆಡಿ-ಕ್ಯಾಲ್ ನಿರಾಕರಣೆ ಪತ್ರದ ಹಿಂದೆ ಒಂದು ಮಂಡಳಿಯಿದೆ

ಕ್ಯಾಲಿಫೋರ್ನಿಯಾದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿ-ಕ್ಯಾಲ್ ಎಂದರೆ ಬಡವರ ವಿಮೆ, ಕಂಪನಿಯ ವಿಮೆ ಇರುವ ನಮಗೂ ಅದಕ್ಕೂ ಸಂಬಂಧವಿಲ್ಲ ಎಂಬ ಮಾತನ್ನು ಬೇ ಏರಿಯಾದ ಕನ್ನಡ ಕುಟುಂಬಗಳಲ್ಲಿ ಮತ್ತೆ ಮತ್ತೆ ಕೇಳುತ್ತೇನೆ. ವಿಮೆ ನಿರಾಕರಣೆಯ ವಿರುದ್ಧ ಮೇಲ್ಮನವಿ ಸಲ್ಲಿಸುವವರಿಗೆ ನೆರವಾಗುವುದು ನನ್ನ ವೃತ್ತಿ. ನನ್ನ ಬಳಿ ಬರುವ ಕನ್ನಡಿಗರಲ್ಲಿ ಹೆಚ್ಚಿನವರು ಎರಡು ಬಗೆಯವರು. ಗ್ರೀನ್ ಕಾರ್ಡ್ ಪಡೆದು ಮಕ್ಕಳ ಬಳಿ ನೆಲೆಸಲು ಬಂದ ಅರವತ್ತೈದು ದಾಟಿದ ತಂದೆ ತಾಯಂದಿರು ಒಂದು ಕಡೆ. ಆಟಿಸಂ ಅಥವಾ ಬೆಳವಣಿಗೆಯ ಬೇರೆ ತೊಡಕುಗಳಿರುವ ಮಕ್ಕಳ ಅಪ್ಪ ಅಮ್ಮಂದಿರು ಇನ್ನೊಂದು ಕಡೆ. ಈ ಎರಡನೆಯವರಲ್ಲಿ ಅನೇಕರಿಗೆ ಒಳ್ಳೆಯ ಸಂಬಳವಿದೆ. ಆದರೂ ಬೆಳವಣಿಗೆಯ ತೊಡಕುಗಳಿರುವವರಿಗೆ ನೆರವಾಗುವ ರೀಜನಲ್ ಸೆಂಟರ್ ಮೂಲಕ ಸಿಗುವ ವಿಶೇಷ ವಿನಾಯಿತಿಯೊಂದರಲ್ಲಿ ಹೆತ್ತವರ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಮಗುವಿಗೆ ಮೆಡಿ-ಕ್ಯಾಲ್ ಎರಡನೆಯ ವಿಮೆಯಾಗಿ ಸಿಗುತ್ತದೆ. ರಾಜ್ಯದಲ್ಲಿ ಸುಮಾರು ಒಂದೂವರೆ ಕೋಟಿ ಜನ ಇರುವ ಈ ವಿಮೆಯೊಳಗೆ ನಾವೂ ಇದ್ದೇವೆ.

ನಿರಾಕರಣೆಯ ಪತ್ರ ಕೈಗೆ ಬಂದಾಗ ನಾನು ಮೊದಲು ನೋಡುವುದು ಅದನ್ನು ಕಳಿಸಿದವರು ಯಾರು ಎಂಬುದನ್ನು. ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಸಮಾಜಸೇವಾ ಇಲಾಖೆಯ ಪತ್ರವಾದರೆ ಅದು ಅರ್ಹತೆಯ ಪ್ರಶ್ನೆ: ಈ ವ್ಯಕ್ತಿಗೆ ಮೆಡಿ-ಕ್ಯಾಲ್ ಇದೆಯೋ ಇಲ್ಲವೋ. ಅದರ ವಿರುದ್ಧ ನೇರವಾಗಿ ರಾಜ್ಯದ ವಿಚಾರಣೆ ಕೇಳಬಹುದು, ಗಡುವು 90 ದಿನ. ಹಿರಿಯರಿಗೆ 2026ರ ಜನವರಿಯಿಂದ ಆಸ್ತಿಯ ಮಿತಿ ಮರಳಿ ಬಂದಿದೆ, ಒಬ್ಬರಿಗೆ 1,30,000 ಡಾಲರ್. ವಾಸದ ಮನೆ ಮತ್ತು ಒಂದು ಕಾರು ಈ ಲೆಕ್ಕಕ್ಕೆ ಬರುವುದಿಲ್ಲ. ಮೈಸೂರಿನ ನಿವೇಶನವನ್ನೋ ಊರಿನ ಬ್ಯಾಂಕಿನ ಠೇವಣಿಯನ್ನೋ ಅರ್ಜಿಯಲ್ಲಿ ಬಿಟ್ಟುಬಿಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಏನು ಲೆಕ್ಕಕ್ಕೆ ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಇಲಾಖೆ ನಿರ್ಧರಿಸಲಿ, ಮುಚ್ಚಿಟ್ಟರೆ ಮುಂದೆ ತೊಂದರೆ ದೊಡ್ಡದಾಗುತ್ತದೆ.

ಆರೋಗ್ಯ ಯೋಜನೆಯಿಂದ, ಅಂದರೆ ಮೆಡಿ-ಕ್ಯಾಲ್ ಸದಸ್ಯರ ಚಿಕಿತ್ಸೆಯನ್ನು ನೋಡಿಕೊಳ್ಳುವ ಸಂಸ್ಥೆಯಿಂದ, ಬರುವ ಪತ್ರದ ದಾರಿ ಬೇರೆ. ಅದರ ತಲೆಬರಹ ‘ನೋಟಿಸ್ ಆಫ್ ಆ್ಯಕ್ಷನ್’. ನಿಮ್ಮ ವಿಮೆ ಚಾಲ್ತಿಯಲ್ಲಿದೆ, ಆದರೆ ವೈದ್ಯರು ಕೇಳಿದ ಈ ಚಿಕಿತ್ಸೆಯನ್ನು ಒಪ್ಪಿಲ್ಲ ಅಥವಾ ಕಡಿಮೆ ಮಾಡಿದ್ದೇವೆ ಎಂದು ಅದು ಹೇಳುತ್ತದೆ. ಹೀಗೆ ಇಲ್ಲ ಎನ್ನುವ ಅಧಿಕಾರ ಯಾರಿಗೂ ಸುಮ್ಮನೆ ಸಿಕ್ಕಿಲ್ಲ. ವೈದ್ಯಕೀಯವಾಗಿ ಅಗತ್ಯವಿಲ್ಲ ಎಂಬ ಕಾರಣಕ್ಕೆ ನಿರಾಕರಿಸಬೇಕಾದರೆ, ಆ ವಿಷಯವನ್ನು ಅಳೆಯಬಲ್ಲ ಪರವಾನಗಿ ಪಡೆದ ವೈದ್ಯರೋ ಆರೋಗ್ಯ ವೃತ್ತಿಪರರೋ ನಿರ್ಧರಿಸಬೇಕು ಎಂಬುದು ಕ್ಯಾಲಿಫೋರ್ನಿಯಾದ ಕಾನೂನು. ಕೃತಕ ಬುದ್ಧಿಮತ್ತೆಯ ಉಪಕರಣವೊಂದೇ ಆ ತೀರ್ಮಾನ ಮಾಡುವಂತಿಲ್ಲ ಎಂಬ ಹೊಸ ಕಾನೂನು 2025ರ ಜನವರಿಯಿಂದ ಜಾರಿಯಲ್ಲಿದೆ.

ಹಾಗಾದರೆ ವೈದ್ಯಕೀಯ ಅಗತ್ಯ ಎಂದರೇನು? ನನ್ನ ಕೆಲಸದ ಬಹುಪಾಲು ಈ ಪ್ರಶ್ನೆಯ ಸುತ್ತಲೇ ನಡೆಯುತ್ತದೆ. ವಯಸ್ಕರಿಗೆ ಮೆಡಿ-ಕ್ಯಾಲ್ ಕಾನೂನಿನ ಅಳತೆ ಬಿಗಿಯಾದದ್ದು: ಜೀವ ಉಳಿಸಲು, ಗಂಭೀರ ಕಾಯಿಲೆ ಅಥವಾ ಗಂಭೀರ ಅಂಗವೈಕಲ್ಯ ತಡೆಯಲು, ತೀವ್ರ ನೋವು ತಗ್ಗಿಸಲು ಬೇಕಾದದ್ದು. ಇಪ್ಪತ್ತೊಂದು ತುಂಬದವರಿಗೆ ಈ ಅಳತೆ ಸಲ್ಲದು. 1967ರಿಂದ ಬಂದಿರುವ ಒಕ್ಕೂಟ ಸರ್ಕಾರದ ಕಾನೂನು ಅವರಿಗೆ ಬಹಳ ಉದಾರವಾದ ಅಳತೆಯನ್ನು ಕೊಟ್ಟಿದೆ. ತೊಂದರೆಯನ್ನು ಸರಿಪಡಿಸುವಂಥದ್ದು ಮಾತ್ರವಲ್ಲ, ಸ್ವಲ್ಪ ಸಹನೀಯಗೊಳಿಸುವಂಥದ್ದು, ಇರುವುದು ಕೈತಪ್ಪಿ ಹೋಗದಂತೆ ಹಿಡಿದಿಡುವಂಥದ್ದೂ ಅಗತ್ಯವೇ. ಮಗು ‘ಸುಧಾರಿಸುತ್ತಿದೆ’ ಎಂದು ಸಾಬೀತು ಮಾಡಲೇಬೇಕೆಂದು ಆ ಕಾನೂನು ಕೇಳುವುದಿಲ್ಲ.

ಮಾತಿನ ತರಬೇತಿಯ ಅವಧಿಯನ್ನು ಅರ್ಧಕ್ಕೆ ಇಳಿಸಿದ ಪತ್ರ ಹಿಡಿದು ಬಂದ ತಾಯಿಯೊಬ್ಬರ ಪ್ರಕರಣ ಇದೇ ಗೆರೆಯ ಮೇಲೆ ನಿಂತಿತ್ತು. ಪತ್ರದಲ್ಲಿ ಕೊಟ್ಟ ಕಾರಣ: ಕಳೆದ ತಿಂಗಳುಗಳಲ್ಲಿ ಸಾಕಷ್ಟು ಪ್ರಗತಿ ಕಾಣಲಿಲ್ಲ. ಅದು ವಯಸ್ಕರಿಗೆ ಹೇಳುವ ಮಾತು, ಚಿಕ್ಕ ಹುಡುಗನಿಗಲ್ಲ. ಮಕ್ಕಳ ವೈದ್ಯರಿಂದ ಒಂದೇ ಪುಟದ ಪತ್ರ ಬರೆಸಿದೆವು. ತರಬೇತಿ ಕಡಿಮೆಯಾದರೆ ಈಗಾಗಲೇ ಕಲಿತ ಮಾತುಗಳನ್ನು ಹುಡುಗ ಕಳೆದುಕೊಳ್ಳುವ ಸಾಧ್ಯತೆಯಿದೆ ಎಂದು ಅವರು ಸ್ಪಷ್ಟವಾಗಿ ಬರೆದರು. ಮೇಲ್ಮನವಿಯಲ್ಲಿ ಯೋಜನೆ ತನ್ನ ನಿರ್ಧಾರ ಬದಲಿಸಿತು. ಇಂಥ ಪತ್ರ ಬಂದಾಗ ಅದರಲ್ಲಿ ಯಾವ ಅಳತೆಯನ್ನು ಬಳಸಿದ್ದಾರೆ ಎಂಬುದನ್ನು ದಯವಿಟ್ಟು ಹುಡುಕಿ. ಅವರು ಬಳಸಿದ ಮಾನದಂಡದ ಪ್ರತಿಯನ್ನು ಉಚಿತವಾಗಿ ಕೇಳಿ ಪಡೆಯುವ ಹಕ್ಕು ನಿಮಗಿದೆ.

ಗಡುವುಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಯೋಜನೆಗೆ ಮೇಲ್ಮನವಿ ಸಲ್ಲಿಸಲು ಪತ್ರದ ದಿನಾಂಕದಿಂದ 60 ದಿನ. ಈಗಾಗಲೇ ನಡೆಯುತ್ತಿರುವ ಸೇವೆ ನಿಲ್ಲದೆ ಮುಂದುವರಿಯಬೇಕಾದರೆ ಮಾತ್ರ 10 ದಿನದೊಳಗೆ, ಅಥವಾ ಕಡಿತ ಜಾರಿಯಾಗುವ ಮೊದಲು ಕೇಳಿಕೊಳ್ಳಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಯೋಜನೆಯವರು 30 ದಿನದಲ್ಲಿ, ತುರ್ತಾದರೆ 72 ಗಂಟೆಯಲ್ಲಿ ಉತ್ತರಿಸಬೇಕು. ಅಲ್ಲಿಯೂ ಸೋತರೆ ರಾಜ್ಯದ ವಿಚಾರಣೆಗೆ 120 ದಿನ ಸಿಗುತ್ತದೆ. ಯೋಜನೆಗೆ ಸೇರದ ವೈದ್ಯರಿಂದ ಸ್ವತಂತ್ರ ಪರಿಶೀಲನೆ ಎಂಬ ಇನ್ನೊಂದು ದಾರಿಯೂ ಇದೆ. ಆದರೆ ರಾಜ್ಯ ವಿಚಾರಣೆ ಮುಗಿದ ಮೇಲೆ ಆ ಬಾಗಿಲು ಮುಚ್ಚುತ್ತದೆ, ಆದ್ದರಿಂದ ವೈದ್ಯಕೀಯ ತಕರಾರು ಇದ್ದಲ್ಲಿ ಅದನ್ನೇ ಮೊದಲು ಕೇಳಿ. ಇಡೀ ಕೌಂಟಿಗೆ ಒಂದೇ ಸರ್ಕಾರಿ ಯೋಜನೆಯಿರುವ ಹಲವು ಕಡೆ ಈ ಪರಿಶೀಲನೆ ಲಭ್ಯವಿಲ್ಲ. ಕನ್ನಡ ಮಾತ್ರ ಬಲ್ಲ ಹಿರಿಯರು ಫೋನಿನಲ್ಲಿ ಕನ್ನಡ ದುಭಾಷಿಯನ್ನು ಉಚಿತವಾಗಿ ಕೇಳಬಹುದು. ಪತ್ರದ ಕೊನೆಯ ಭಾಷೆಗಳ ಪಟ್ಟಿಯಲ್ಲಿ ಹಿಂದಿ, ಪಂಜಾಬಿ ಇರುತ್ತವೆ, ಕನ್ನಡ ಇರುವುದಿಲ್ಲ. ಇದನ್ನು ನೋಡಿ ಸುಮ್ಮನಾಗಬೇಡಿ, ಹಕ್ಕು ಎಲ್ಲ ಭಾಷೆಯವರಿಗೂ ಇದೆ.

ಇಷ್ಟು ಹೇಳಿದ ಮೇಲೆ, ಈ ಅಂಕಣ ಬರೆಯಲು ನನ್ನನ್ನು ಹಚ್ಚಿದ ಸಂಗತಿಗೆ ಬರುತ್ತೇನೆ. ಮೇಲ್ಮನವಿ ಗೆದ್ದಾಗ ಒಂದು ಮಗುವಿಗೆ ನ್ಯಾಯ ಸಿಗುತ್ತದೆ. ಮುಂದಿನ ತಿಂಗಳು ಬೇರೊಂದು ಮಗುವಿಗೆ ಅದೇ ವಾಕ್ಯಗಳಿರುವ ಪತ್ರ ಹೋಗುತ್ತದೆ. ಆ ವಾಕ್ಯಗಳನ್ನು ಬದಲಿಸುವ ಜಾಗ ಬೇರೆ, ಅಲ್ಲಿಗೆ ನಮ್ಮವರು ಹೋಗುತ್ತಿಲ್ಲ.

ಕ್ಯಾಲಿಫೋರ್ನಿಯಾದ ಅನೇಕ ಕೌಂಟಿಗಳಲ್ಲಿ ಮೆಡಿ-ಕ್ಯಾಲ್ ಯೋಜನೆಯನ್ನು ನಡೆಸುವುದು ಖಾಸಗಿ ಕಂಪನಿಯಲ್ಲ, ಕೌಂಟಿಯೇ ಹುಟ್ಟುಹಾಕಿದ ಸಾರ್ವಜನಿಕ ಸಂಸ್ಥೆ. ಸಾಂತಾ ಕ್ಲಾರಾ ಫ್ಯಾಮಿಲಿ ಹೆಲ್ತ್ ಪ್ಲಾನ್, ಅಲಮೀಡಾ ಅಲಯನ್ಸ್, ಹೆಲ್ತ್ ಪ್ಲಾನ್ ಆಫ್ ಸ್ಯಾನ್ ಮಟೇಯೊ, ಆರೆಂಜ್ ಕೌಂಟಿಯ ಕ್ಯಾಲ್‌ಆಪ್ಟಿಮಾ ಇವೆಲ್ಲ ಅಂಥವು. ಇವುಗಳ ಆಡಳಿತ ಮಂಡಳಿಯ ಸದಸ್ಯರನ್ನು ನೇಮಿಸುವಲ್ಲಿ ಮುಖ್ಯ ಪಾತ್ರ ಕೌಂಟಿಯ ಚುನಾಯಿತ ಬೋರ್ಡ್ ಆಫ್ ಸೂಪರ್‌ವೈಸರ್ಸ್‌ದು. ರಾಜ್ಯದ 58 ಕೌಂಟಿಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಈ ಬೋರ್ಡ್‌ನಲ್ಲಿ ಐದೇ ಜನ. ಅವರು ನೇಮಿಸಿದವರು ಸಾವಿರಾರು ಕುಟುಂಬಗಳ ಚಿಕಿತ್ಸೆಯ ಗಡಿಗಳನ್ನು ಗೆರೆ ಎಳೆದು ಗುರುತಿಸುತ್ತಾರೆ.

ಯೋಜನೆಯ ಮಂಡಳಿ ಯಾರ ವೈಯಕ್ತಿಕ ಪ್ರಕರಣವನ್ನೂ ತೀರ್ಮಾನಿಸುವುದಿಲ್ಲ, ತೀರ್ಮಾನಿಸಲೂ ಬಾರದು. ಆದರೆ ವೈದ್ಯರಿಗೆ ಎಷ್ಟು ದರ ಕೊಡಬೇಕು, ಯಾವ ಆಸ್ಪತ್ರೆಯೊಂದಿಗೆ ಒಪ್ಪಂದ, ಎಷ್ಟು ಹಣ ಮೀಸಲಿಡಬೇಕು, ಮುಖ್ಯಾಧಿಕಾರಿ ಯಾರು ಎಂಬುದೆಲ್ಲ ಅದರ ಕೈಯಲ್ಲಿದೆ. ಮಾತಿನ ತರಬೇತುದಾರರಿಗೆ ದರ ಕಡಿಮೆಯಾದರೆ ಅವರು ಯೋಜನೆಯ ಜಾಲ ಬಿಟ್ಟುಹೋಗುತ್ತಾರೆ, ಅನುಮೋದನೆ ಸಿಕ್ಕಿದ ಮಗುವೂ ತಿಂಗಳುಗಟ್ಟಲೆ ಕಾಯುತ್ತದೆ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ‘ಕಮ್ಯುನಿಟಿ ಸಪೋರ್ಟ್ಸ್’ ಎಂಬ ಹೊಸ ಸೇವೆಗಳಿಗೆ ಬಾಗಿಲು ತೆರೆಯಿತು: ಕಾಯಿಲೆಗೆ ತಕ್ಕ ಊಟ ಮನೆಗೆ ತಲುಪಿಸುವುದು, ಬಚ್ಚಲುಮನೆಗೆ ಹಿಡಿಕೆ ಹಾಕಿಸುವುದು, ರೋಗಿಯನ್ನು ನೋಡಿಕೊಳ್ಳುವವರಿಗೆ ಬಿಡುವು ಕೊಡಿಸುವುದು. ಇವುಗಳಲ್ಲಿ ಯಾವುದನ್ನು ಕೊಡಬೇಕು ಎಂಬ ಆಯ್ಕೆಯನ್ನು ಆಯಾ ಯೋಜನೆಗೇ ಬಿಟ್ಟರು. ಅಂದರೆ ನಿಮ್ಮ ಅಮ್ಮನ ಬಚ್ಚಲುಮನೆಯ ಹಿಡಿಕೆಗೆ ವಿಮೆ ಸಿಗುತ್ತದೆಯೇ ಎಂಬುದು ನಿಮ್ಮ ಕೌಂಟಿಯ ಯೋಜನೆ ಏನನ್ನು ಆರಿಸಿಕೊಂಡಿದೆ ಎಂಬುದನ್ನು ಅವಲಂಬಿಸಿದೆ.

ಮಂಡಳಿಯಲ್ಲಿ ಯಾರು ಕೂರುತ್ತಾರೆ ಎಂಬುದು ಎಷ್ಟು ಮುಖ್ಯ ಎಂದು ತಿಳಿಯಲು ಆರೆಂಜ್ ಕೌಂಟಿಯತ್ತ ನೋಡಬೇಕು. 2011ರಲ್ಲಿ ಅಲ್ಲಿನ ಸೂಪರ್‌ವೈಸರ್‌ಗಳು ಕ್ಯಾಲ್‌ಆಪ್ಟಿಮಾ ಮಂಡಳಿಯ ರಚನೆಯನ್ನೇ ಬದಲಿಸಿದರು. ಆಸ್ಪತ್ರೆ ಮತ್ತು ವೈದ್ಯರ ಕಡೆಯವರ ಕೈ ಮೇಲಾಯಿತು ಎಂಬ ಟೀಕೆ ಎದ್ದಿತು. 2013ರ ಆರಂಭದಲ್ಲಿ ಸ್ಥಳೀಯ ಆಡಳಿತವನ್ನು ಪರಿಶೀಲಿಸುವ ನಾಗರಿಕರ ತಂಡವಾದ ಕೌಂಟಿಯ ಗ್ರ್ಯಾಂಡ್ ಜ್ಯೂರಿ ತೀಕ್ಷ್ಣವಾದ ವರದಿ ಕೊಟ್ಟು, ಸೂಪರ್‌ವೈಸರ್‌ಗಳನ್ನು ತರಾಟೆಗೆ ತೆಗೆದುಕೊಂಡಿತು, ಹಿರಿಯ ಅಧಿಕಾರಿಗಳು ಸಾಲುಸಾಲಾಗಿ ಬಿಟ್ಟುಹೋದದ್ದನ್ನು ದಾಖಲಿಸಿತು. 2014ರ ಜನವರಿಯಲ್ಲಿ ಒಕ್ಕೂಟ ಸರ್ಕಾರದ ಸಂಸ್ಥೆ ಕ್ಯಾಲ್‌ಆಪ್ಟಿಮಾದ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಒಕ್ಕೂಟ ಸರ್ಕಾರದ ವಿಮೆ) ಯೋಜನೆಗೆ ಹೊಸಬರ ನೋಂದಣಿಯನ್ನೇ ತಡೆಹಿಡಿಯಿತು. ಸೇವೆ ಕೊಡಬೇಕೇ ಬೇಡವೇ ಎಂಬ ನಿರ್ಧಾರಗಳು ಮತ್ತು ಮೇಲ್ಮನವಿಗಳನ್ನು ನಡೆಸುವ ರೀತಿ ಸರಿಯಿಲ್ಲ ಎಂಬುದೂ ಕಾರಣಗಳಲ್ಲಿ ಸೇರಿತ್ತು. ಮಂಡಳಿಯ ಬದಲಾವಣೆಯೇ ಇದನ್ನೆಲ್ಲ ತಂದಿತು ಎಂದು ನಾನು ಹೇಳುವುದಿಲ್ಲ. ಆದರೆ ಹೀಗೆ ಕಲಕಿಹೋದ ಮಂಡಳಿಗೆ ಮೇಲ್ಮನವಿಯ ವಿಭಾಗದಲ್ಲಿ ಏನು ನಡೆಯುತ್ತಿದೆ ಎಂದು ಕೇಳುವ ವ್ಯವಧಾನ ಎಲ್ಲಿರುತ್ತದೆ? 2023ರ ಮೇ ತಿಂಗಳಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಅದೇ ಸಂಸ್ಥೆಯ ಬಗ್ಗೆ ಇನ್ನೊಂದು ವರದಿ ಕೊಟ್ಟರು. ಅತಿಯಾದ ಹೆಚ್ಚುವರಿ ಹಣ ಕೂಡಿಟ್ಟಿದೆ, ಪ್ರಶ್ನಾರ್ಹ ನೇಮಕಾತಿಗಳನ್ನು ಮಾಡಿದೆ ಎಂಬುದು ಅದರ ಮುಖ್ಯ ಮಾತು. ಬಡವರ ಚಿಕಿತ್ಸೆಗೆಂದು ಬಂದ ಹಣ ಖಜಾನೆಯಲ್ಲಿ ಬೆಳೆಯುತ್ತಿತ್ತು. ಇದನ್ನು ಓದಿದಾಗ ನನಗೆ ಆದ ಸಂಕಟ ಸಣ್ಣದಲ್ಲ.

ಆಸ್ಪತ್ರೆಗಳ, ವೈದ್ಯರ ಪ್ರತಿನಿಧಿಗಳು ಮಂಡಳಿಯಲ್ಲಿ ಇರುವುದು ತಪ್ಪಲ್ಲ. ರಾಜ್ಯದ ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ, ಅವರ ತಿಳಿವಳಿಕೆ ಬೇಕೂ ಬೇಕು. ಅವರು ಪ್ರತಿ ವರ್ಷ ‘ಫಾರ್ಮ್ 700’ ತುಂಬಿ ತಮ್ಮ ಆರ್ಥಿಕ ಹಿತಾಸಕ್ತಿಗಳನ್ನು ಬಹಿರಂಗಪಡಿಸಬೇಕು, ಆ ಫಾರ್ಮನ್ನು ಯಾರು ಬೇಕಾದರೂ ಕೇಳಿ ನೋಡಬಹುದು. ನನ್ನ ಚಿಂತೆ ವಿಮೆ ಬಳಸುವವರ ಕುರ್ಚಿಯದು. ಅದು ಖಾಲಿ ಬಿದ್ದರೆ ದರದ ಬಗ್ಗೆ ಮಾತಾಡುವವರು ಮೇಜಿನ ಸುತ್ತ ತುಂಬಿರುತ್ತಾರೆ, ನಿರಾಕರಣೆ ಪತ್ರ ಕೈಯಲ್ಲಿ ಹಿಡಿದವರು ಒಬ್ಬರೂ ಇರುವುದಿಲ್ಲ.

ಖಾಲಿ ಕುರ್ಚಿಗಳ ಪಟ್ಟಿ ಗುಟ್ಟಿನದಲ್ಲ. 1975ರ ಮ್ಯಾಡಿ ಕಾಯ್ದೆಯ ಪ್ರಕಾರ ಪ್ರತಿ ಕೌಂಟಿ ಮತ್ತು ನಗರ ಡಿಸೆಂಬರ್ 31ರೊಳಗೆ ಒಂದು ಪಟ್ಟಿ ಸಿದ್ಧಪಡಿಸಬೇಕು. ಮುಂದಿನ ವರ್ಷ ಯಾವ ಮಂಡಳಿಯಲ್ಲಿ ಯಾರ ಅವಧಿ ಮುಗಿಯುತ್ತದೆ, ಯಾವಾಗ ನೇಮಕವಾಗಿದ್ದರು, ಆ ಸ್ಥಾನಕ್ಕೆ ಏನು ಅರ್ಹತೆ ಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ನಡುವೆ ಯಾರಾದರೂ ರಾಜೀನಾಮೆ ಕೊಟ್ಟರೆ 20 ದಿನದೊಳಗೆ ಪ್ರಕಟಣೆ ಹಾಕಬೇಕು, ಅದಾಗಿ ಕನಿಷ್ಠ 10 ಕೆಲಸದ ದಿನ ಕಳೆಯುವವರೆಗೆ ಕಾಯಂ ನೇಮಕ ಮಾಡುವಂತಿಲ್ಲ. ಇಷ್ಟೆಲ್ಲ ಇದ್ದರೂ ಪಟ್ಟಿ ನೋಡುವವರು ಕಡಿಮೆ. ಸೂಪರ್‌ವೈಸರ್‌ಗಳ ಬೋರ್ಡ್‌ನ ಕಾಗದಪತ್ರ ನೋಡಿಕೊಳ್ಳುವ ಕ್ಲರ್ಕ್ ಆಫ್ ದಿ ಬೋರ್ಡ್ ಕಚೇರಿಯಲ್ಲಿ ಅರ್ಜಿ ಸಿಗುತ್ತದೆ. ನಿಮ್ಮ ಕ್ಷೇತ್ರದ ಸೂಪರ್‌ವೈಸರ್ ಕಚೇರಿಗೆ ಅರ್ಜಿಯ ಪ್ರತಿಯೊಂದಿಗೆ ಒಂದು ಪತ್ರವನ್ನೂ ಕಳಿಸುವುದು ಒಳ್ಳೆಯದು, ಹೆಸರು ಸೂಚಿಸುವ ಮಾತುಕತೆ ಸಾಮಾನ್ಯವಾಗಿ ಅಲ್ಲಿಯೇ ಮೊದಲಾಗುತ್ತದೆ. ಮಂಡಳಿಯಷ್ಟು ದೊಡ್ಡ ಹೊಣೆ ಬೇಡವೆನಿಸಿದರೆ ಪ್ರತಿ ಮೆಡಿ-ಕ್ಯಾಲ್ ಯೋಜನೆಗೂ ಸಮುದಾಯ ಸಲಹಾ ಸಮಿತಿಯೊಂದು ಇರಲೇಬೇಕು, ಅಲ್ಲಿ ವಿಮೆ ಬಳಸುವವರಿಗೂ ಅವರ ಹೆತ್ತವರಿಗೂ ಜಾಗವಿದೆ.

ಕುರ್ಚಿಯೇ ಬೇಕೆಂದಿಲ್ಲ. 1953ರ ಬ್ರೌನ್ ಕಾಯ್ದೆಯಂತೆ ಈ ಮಂಡಳಿಗಳ ಸಭೆಗಳು ಬಹಿರಂಗ, ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು, ಸಾರ್ವಜನಿಕರಿಗೆ ಮಾತಾಡಲು ಸಮಯ ಕೊಡಬೇಕು. ಸಿಗುವುದು ಎರಡೋ ಮೂರೋ ನಿಮಿಷ. ಮಗುವಿನ ವೈಯಕ್ತಿಕ ವಿವರಗಳನ್ನು ಅಲ್ಲಿ ಹೇಳಬೇಡಿ, ಅವು ಶಾಶ್ವತವಾಗಿ ದಾಖಲೆಯಲ್ಲಿ ಉಳಿಯುತ್ತವೆ. ಬದಲಿಗೆ ಒಂದು ಪ್ರಶ್ನೆ ಕೇಳಿ: ಕಳೆದ ತ್ರೈಮಾಸಿಕದಲ್ಲಿ ಮಕ್ಕಳ ಮಾತಿನ ತರಬೇತಿಯ ಎಷ್ಟು ಕೋರಿಕೆಗಳನ್ನು ನಿರಾಕರಿಸಲಾಯಿತು, ಮೇಲ್ಮನವಿಯಲ್ಲಿ ಎಷ್ಟು ನಿರ್ಧಾರಗಳು ಬದಲಾದವು? ಬದಲಾದವುಗಳ ಪಾಲು ಹೆಚ್ಚಿದ್ದರೆ ಮೊದಲ ನಿರ್ಧಾರದ ಮಾನದಂಡದಲ್ಲೇ ದೋಷವಿದೆ ಎಂದು ಅರ್ಥ, ಆಗ ಮಂಡಳಿ ತನ್ನ ವೈದ್ಯಕೀಯ ನಿರ್ದೇಶಕರಿಂದ ವಿವರಣೆ ಕೇಳಲೇಬೇಕಾಗುತ್ತದೆ. ಬಾಯಿಮಾತಿನ ಪ್ರಶ್ನೆಯೊಂದಿಗೆ ಲಿಖಿತ ಪ್ರತಿಯನ್ನೂ ಕೊಟ್ಟರೆ ಅದು ದಾಖಲೆಗೆ ಸೇರುತ್ತದೆ.

ನಾವು ಈ ದೇಶದ ಪೌರರಲ್ಲವಲ್ಲ, ನಮ್ಮನ್ನು ಯಾರು ನೇಮಿಸುತ್ತಾರೆ ಎಂದು ಕೇಳುವವರಿಗೂ ಉತ್ತರವಿದೆ. 2020ರ ಜನವರಿಯಿಂದ ಕ್ಯಾಲಿಫೋರ್ನಿಯಾದಲ್ಲಿ ನೇಮಕದಿಂದ ತುಂಬುವ ನಾಗರಿಕ ಹುದ್ದೆಗಳಿಗೆ ಪೌರತ್ವ ಬೇಕಿಲ್ಲ. ಹದಿನೆಂಟು ತುಂಬಿದ, ರಾಜ್ಯದಲ್ಲಿ ವಾಸಿಸುವ ಯಾರಾದರೂ ಅರ್ಹರು. ಗ್ರೀನ್ ಕಾರ್ಡ್ ಇರುವ ಅಜ್ಜಿಯೂ ಎಚ್-1ಬಿ ವೀಸಾದಲ್ಲಿರುವ ತಂದೆಯೂ ಇದರಲ್ಲಿ ಸೇರುತ್ತಾರೆ. ಕೆಲವು ಮಂಡಳಿಗಳು ಸಭೆಗೆ ಸಣ್ಣ ಭತ್ಯೆ ಕೊಡುತ್ತವೆ. ಎಚ್-1ಬಿಯಲ್ಲಿರುವವರು ಅದನ್ನು ಪಡೆಯುವ ಮೊದಲು ವಲಸೆ ವಕೀಲರನ್ನು ಕೇಳಿಕೊಳ್ಳಲಿ. ಭತ್ಯೆ ಬೇಡವೆಂದು ಬರೆದುಕೊಟ್ಟು ಸೇವೆ ಸಲ್ಲಿಸಬಹುದೇ ಎಂಬುದನ್ನೂ ಅರ್ಜಿ ಹಾಕುವಾಗಲೇ ಕ್ಲರ್ಕ್ ಕಚೇರಿಯಲ್ಲಿ ವಿಚಾರಿಸಿ.